ದರಗಿಗೆ ಹೋದ ಹನ್ನೆರಡು ಮಂದಿ

ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ, ಟೈರ್ ಅಂಗಡಿಯೊಂದರ ಮಹಡಿಯ ಮೇಲೆ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕಿಗೆ ಸೇರಿದಂತೆ ಒಂದು ಜ್ವರ ನಿಗಾ ಕೇಂದ್ರವಿದೆ. ಹೆಸರು ಕೇಳಿ ಭಾರೀ ಕಚೇರಿ ಎಂದುಕೊಂಡು ಹೋದರೆ ಮೋಸ ಹೋಗುತ್ತೀರಿ. ಎರಡು ಕೋಣೆ, ನಾಲ್ಕು ಕುರ್ಚಿ, ಒಂದು ಜೀಪು, ಒಬ್ಬರು ಡಾಕ್ಟರು, ಆಮೇಲೆ ಕುಸುಮಾ. ಜೀಪು ಕೆಟ್ಟರೆ ಬೇರೆ ಜೀಪು ಬರುತ್ತದೆ, ಡಾಕ್ಟರಿಗೆ ವರ್ಗವಾದರೆ ಇನ್ನೊಬ್ಬರು ಬರುತ್ತಾರೆ. ಕುಸುಮಾ ಒಂದು ದಿನ ರಜೆ ಹಾಕಿದರೆ ಮಾತ್ರ ಕೇಂದ್ರ ಕೈಕಟ್ಟಿ ಕೂರಬೇಕಾಗುತ್ತದೆ.

ಕುಸುಮಾಳಿಗೆ ಇಪ್ಪತ್ತೇಳು ವರ್ಷ. ಊರು ನರಸಿಂಹರಾಜಪುರ, ಅಂದರೆ ಎನ್.ಆರ್.ಪುರ ತಾಲ್ಲೂಕಿನ ಸೀತೂರು. ಕೊಪ್ಪದಲ್ಲೇ ಬಿಸಿಎ ಮುಗಿಸಿ, ಕಂಪ್ಯೂಟರಿಗೆ ಹೆಸರು ತುಂಬುವ ಕೆಲಸಕ್ಕೆಂದು ಇಲ್ಲಿಗೆ ಸೇರಿದವಳು. ಆರು ತಿಂಗಳು ಹೆಸರು ತುಂಬಿ ತುಂಬಿ ತಲೆ ಕೆಟ್ಟುಹೋಯಿತು. ಒಬ್ಬನೇ ಮನುಷ್ಯ ಒಂದು ಪಟ್ಟಿಯಲ್ಲಿ ಜ್ವರದವನು, ಇನ್ನೊಂದರಲ್ಲಿ ರಕ್ತ ಕೊಟ್ಟವನು, ಮತ್ತೊಂದರಲ್ಲಿ ಗುಣವಾಗಿ ಮನೆಗೆ ಹೋದವನು. ಮೂವರೂ ಒಬ್ಬನೇ ಎಂದು ಯಾವ ಪಟ್ಟಿಗೂ ಗೊತ್ತಿರಲಿಲ್ಲ. ಯಾರೂ ಕೇಳದಿದ್ದರೂ ಅವಳೇ ಕೂತು ಪಿಎಚ್‌ಪಿ ಕಲಿತಳು. ಲಾರಾವೆಲ್ ಎಂಬ ಫ್ರೇಮ್‌ವರ್ಕಿನಲ್ಲಿ ಮೂರು ತಾಲ್ಲೂಕಿನ ಮನೆಗಳು, ಜನರು, ಜ್ವರಗಳು, ರಕ್ತಪರೀಕ್ಷೆಗಳು ಎಲ್ಲವಕ್ಕೂ ಒಂದೊಂದು ಟೇಬಲ್ ಮಾಡಿ, ಒಂದಕ್ಕೊಂದು ಕೊಂಡಿ ಹಾಕಿದಳು. ಮನೆಯನ್ನು ಮುಟ್ಟಿದರೆ ಜನ ಬರಬೇಕು, ಜನರನ್ನು ಮುಟ್ಟಿದರೆ ಜ್ವರದ ಚರಿತ್ರೆ ಬರಬೇಕು.

ಬಂತು, ಆದರೆ ಮೊದಮೊದಲು ಆಮೆಯ ಹಾಗೆ ಬಂತು. ಒಂದು ಊರಿನ ಪುಟ ತೆರೆಯಲು ಕೊಟ್ಟು ಕೆಳಗೆ ಹೋಗಿ ಕಾಫಿ ಕುಡಿದು ಬಂದರೂ ಅದು ಇನ್ನೂ ತಿರುಗುತ್ತಲೇ ಇರುತ್ತಿತ್ತು. ಕಾರಣ ಹುಡುಕಿ ಹುಡುಕಿ ಕೊನೆಗೆ ಸಿಕ್ಕಿದಾಗ ಅವಳು ತನ್ನ ಹಣೆ ತಾನೇ ಚಚ್ಚಿಕೊಂಡಳು. ಮುನ್ನೂರು ಜನರ ಹೆಸರು ತಂದ ಮೇಲೆ, ಪ್ರೋಗ್ರಾಮು ಒಬ್ಬೊಬ್ಬರ ಮನೆ ಯಾವುದೆಂದು ಕೇಳಲು ಮತ್ತೆ ಮುನ್ನೂರು ಸಲ ಡೇಟಾಬೇಸಿಗೆ ಓಡುತ್ತಿತ್ತು. ಊಟದ ಪಂಕ್ತಿಯಲ್ಲಿ ಒಂದೊಂದು ಎಲೆಗೂ ಒಂದೊಂದು ಸೌಟು ಸಾರು ತರಲು ಅಡುಗೆಮನೆಗೆ ಓಡುವವನನ್ನು ಏನೆನ್ನುತ್ತೀರಿ? ಬಕೆಟ್ ಹಿಡಿದು ಹೊರಡಪ್ಪ ಅನ್ನುತ್ತೀರಿ ತಾನೆ. ಲಾರಾವೆಲ್ಲಿನಲ್ಲಿ ಆ ಬಕೆಟ್ಟಿನ ಹೆಸರು ‘ವಿತ್’. ಜನರನ್ನು ಕೇಳುವಾಗಲೇ ‘ಮನೆಯ ಸಮೇತ’ ಎಂದು ಆ ಒಂದು ಪದ ಸೇರಿಸಿದಳು. ಪುಟ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಂಡಿತು. ಅವತ್ತು ಅವಳಿಗಾದ ಖುಷಿಗೆ ಕೆಳಗಿನ ಟೈರ್ ಅಂಗಡಿಯವರಿಗೂ ಜಿಲೇಬಿ ಸಿಕ್ಕಿತು. ಯಾಕೆ ಎಂದು ಅವರಿಗೆ ಇವತ್ತಿಗೂ ಅರ್ಥವಾಗಿಲ್ಲ.

ಇಷ್ಟೆಲ್ಲ ಹಟ ಬರೀ ಕಂಪ್ಯೂಟರ್ ಹುಚ್ಚಿನದಲ್ಲ. ಹೋದ ವರ್ಷ ಸೀತೂರಿನ ಪಕ್ಕದ ಮನೆಯ ಕಲ್ಲೇಶಪ್ಪ ಮಂಗನಕಾಯಿಲೆಯಲ್ಲಿ ತೀರಿಕೊಂಡರು. ಕಾಡಿನಲ್ಲಿ ಮಂಗ ಸತ್ತು ಬಿದ್ದರೆ ಅದರ ಮೈಮೇಲಿನ ರಕ್ತ ಹೀರುವ ಉಣುಗುಗಳು ತರಗೆಲೆಗೆ ಇಳಿಯುತ್ತವೆ. ಅಲ್ಲಿ ಓಡಾಡಿದವರನ್ನು ಕಚ್ಚುತ್ತವೆ. ವಾರದೊಳಗೆ ಜ್ವರ ಬರುತ್ತದೆ. ಬೇಗ ಆಸ್ಪತ್ರೆಗೆ ಬಂದವರು ಸಾಮಾನ್ಯವಾಗಿ ಉಳಿಯುತ್ತಾರೆ. ಕಲ್ಲೇಶಪ್ಪ ಮಾತ್ರೆ ನುಂಗಿ ಐದು ದಿನ ಮನೆಯಲ್ಲೇ ಮಲಗಿದ್ದರು. ಅವರ ಹೆಸರಿನ ಮುಂದೆ ‘ಮರಣ’ ಎಂದು ಟೈಪು ಮಾಡಿದವಳು ಕುಸುಮಾಳೇ. ಇನ್ನೊಂದು ಸಲ ಆ ಪದ ಟೈಪು ಮಾಡಬಾರದು ಎಂದು ಅವತ್ತೇ ತೀರ್ಮಾನಿಸಿದ್ದಳು.

ಅಂಥ ಕುಸುಮಾಳ ಮುಂದೆ ಈ ಫೆಬ್ರವರಿಯ ಒಂದು ಮಂಗಳವಾರ, ಬೆಳಿಗ್ಗೆ ಹತ್ತೂಕಾಲಿಗೆ ಡಾಕ್ಟರ್ ಸುಂದರೇಶ್ ಬಂದು ನಿಂತರು. ಕೈಯಲ್ಲಿ ಲ್ಯಾಬಿನ ವರದಿ.

“ಹರಿಹರಪುರದ ಆಚೆ ವೆಂಕಟಯ್ಯನವರ ಸೊಪ್ಪಿನಬೆಟ್ಟ ಇದೆಯಲ್ಲ ಕುಸುಮಾ, ಅಲ್ಲಿ ಸಿಕ್ಕಿದ ಮಂಗ ಪಾಸಿಟಿವ್. ಸತ್ತು ಒಂಬತ್ತು ಹತ್ತು ದಿನ ಆಗಿರಬೇಕು ಅಂತಾರೆ. ಅಂದ್ರೆ ಕಚ್ಚಿಸಿಕೊಂಡೋರಿಗೆ ಜ್ವರ ಶುರುವಾಗಿರ್ತದೆ ಈಗ. ಯಾರ್ ಯಾರು ಅಂತ ಬೇಕು. ಮೂರು ಗಂಟೆಗೆ ಜೀಪು ಹೊರಡಿಸ್ತೀನಿ.”

“ಮೂರು ಗಂಟೆ ಎಂತಕ್ಕೆ ಸರ್, ಮೂರು ನಿಮಿಷ ಸಾಕು” ಅಂದಳು ಕುಸುಮಾ. ಜಂಬ ಇತ್ತು. ಯಾಕಿರಬಾರದು?

ಬೆಟ್ಟದ ಸುತ್ತಲಿನ ಮನೆಗಳು ಒಂಬತ್ತು, ಜನ ಮೂವತ್ತೊಂದು, ಫೋನ್ ನಂಬರ್ ಸಮೇತ ಪರದೆಯ ಮೇಲೆ ಬಂದು ಕೂತವು. ಒಂದೂವರೆ ತಾಸಿನಲ್ಲಿ ಎಲ್ಲರಿಗೂ ಫೋನಾಯಿತು. ಒಬ್ಬರಿಗೂ ಜ್ವರವಿಲ್ಲ, ಮೈಕೈ ನೋವಿಲ್ಲ. ಡಾಕ್ಟರು ಉಸಿರು ಬಿಟ್ಟು, ಬದುಕಿದೆವು ಎಂದು ಕಾಫಿಗೆ ಹೇಳಿಕಳಿಸಿದರು.

ಕುಸುಮಾ ಮಾತ್ರ ಕಾಫಿ ಮುಟ್ಟಲಿಲ್ಲ. ಕೊನೆಯ ಫೋನು ಬೆಟ್ಟದ ಯಜಮಾನರು ವೆಂಕಟಯ್ಯನವರದೇ. ಎಪ್ಪತ್ತರ ಮೇಲಿನ ಆಸಾಮಿ ಗಟ್ಟಿಯಾಗಿ ನಕ್ಕುಬಿಟ್ಟಿದ್ದರು. “ನಾನು ಬೆಟ್ಟ ಹತ್ತದೇ ಹದಿನೈದು ವರ್ಷ ಆಯ್ತು ಮಾರಾಯ್ತಿ. ನಮ್ಮನೆ ಮಕ್ಕಳೂ ಹೋಗಲ್ಲ. ಉಣುಗು ಕಚ್ಚೋದು ಹ್ಯಾಗೆ?”

ಹಾಗಾದರೆ ಅವರ ಕೊಟ್ಟಿಗೆಗೆ ದರಗು ಎಲ್ಲಿಂದ ಬರುತ್ತದೆ? ಉದುರಿದ ಒಣ ಎಲೆಗೆ ಇಲ್ಲಿ ದರಗು ಅನ್ನುತ್ತಾರೆ. ಬೇಸಗೆ ಹತ್ತಿರವಾದ ಹಾಗೆ ಸೊಪ್ಪಿನಬೆಟ್ಟದಲ್ಲಿ, ಅಂದರೆ ತೋಟಕ್ಕೆ ಸೇರಿದ ಕಾಡಿನಲ್ಲಿ, ಅದನ್ನು ಗುಡಿಸಿ, ದೊಡ್ಡ ಬಲೆಗಳಲ್ಲಿ ತುಂಬಿ, ತಲೆಯ ಮೇಲೆ ಹೊತ್ತು ತಂದು, ದನಗಳ ಕಾಲಡಿಗೆ ಹಾಸಲು ವರ್ಷಕ್ಕಾಗುವಷ್ಟು ಒಟ್ಟಿಡಬೇಕು. ಅದು ತಾನಾಗಿ ನಡೆದುಕೊಂಡು ಬರುವುದಿಲ್ಲವಲ್ಲ. ಅವಳು ಮತ್ತೆ ಫೋನು ಮಾಡಿದಳು.

“ಈ ವರ್ಷ ದರಗು ಗುಡಿಸಿದ್ದು ಯಾರು ವೆಂಕಟಯ್ಯನೋರೇ?”

“ಯಾರೋ ಆಳುಗಳು. ಹೋದ ವಾರ ಐದು ದಿನ ಪಿಕಪ್ಪಲ್ಲಿ ಬರ್ತಿದ್ರು. ಎನ್.ಆರ್.ಪುರದ ಕಡೆಯೋರು ಕಾಣ್ತದೆ.”

“ಹೆಸರು?”

“ಹೆಸರು ಯಾರು ಕೇಳ್ತಾರೆ?”

ಐದು ದಿನ ಅವರ ಬೆಟ್ಟ ಗುಡಿಸಿದವರು, ಅವರ ಜಗಲಿಯ ಕೆಳಗೆ ಕೂತು ಗಂಜಿ ಉಂಡವರು, ಹೆಸರಿಲ್ಲದವರು! ವೆಂಕಟಯ್ಯನವರು ಕೊಟ್ಟ ಪಿಕಪ್ಪಿನವನ ನಂಬರಿಗೆ ಮಾಡಿದರೆ ಸ್ವಿಚ್ ಆಫ್. ಕುಸುಮಾಳಿಗೆ ಮೈಯೆಲ್ಲ ಉರಿಯಿತು. ಆದರೆ ಉರಿ ವೆಂಕಟಯ್ಯನವರ ಮೇಲೆ ನಿಲ್ಲಲಿಲ್ಲ; ತಿರುಗಿ ತನ್ನ ಮೇಲೆಯೇ ಬಂತು. ಯಾಕೆಂದರೆ ಅವಳ ಡೇಟಾಬೇಸೂ ಹೆಸರು ಕೇಳಿರಲಿಲ್ಲ. ಒಬ್ಬ ವ್ಯಕ್ತಿಗೆ ಒಂದು ಮನೆ, ಆ ಮನೆಗೆ ಒಂದು ಊರು. ಅವಳು ಹಾಕಿದ ಕೊಂಡಿ ಅಷ್ಟೇ. ರಾತ್ರಿ ಯಾರು ಎಲ್ಲಿ ಮಲಗುತ್ತಾರೆ ಎಂದು ಅದಕ್ಕೆ ಚೆನ್ನಾಗಿ ಗೊತ್ತು. ಹಗಲು ಯಾರ ಬೆಟ್ಟದಲ್ಲಿ ಬಗ್ಗಿ ದರಗು ಗುಡಿಸುತ್ತಾರೆ ಎಂದು ಗೊತ್ತೇ ಇಲ್ಲ. ಉಣುಗು ಕಚ್ಚುವುದು ಮಲಗಿದಲ್ಲೋ, ಗುಡಿಸುವಲ್ಲೋ? ಬೆಂಗಳೂರಿನಿಂದ ಬಂದ ಯಾರೋ ಈ ತಪ್ಪು ಮಾಡಿದ್ದರೆ ಬೈದು ಸುಮ್ಮನಾಗಬಹುದಿತ್ತು. ಸೀತೂರಿನ ಕೂಲಿಯವರ ಮನೆಯಲ್ಲಿ ಹುಟ್ಟಿದವಳು ಮಾಡಿದ್ದಳು.

“ಸರ್, ಪಟ್ಟಿ ತಪ್ಪು. ನಾನು ಕೊಟ್ಟಿದ್ದು ಬೆಟ್ಟದ ಹತ್ರ ಇರೋರ ಪಟ್ಟಿ. ನಮಗೆ ಬೇಕಾಗಿದ್ದು ಬೆಟ್ಟಕ್ಕೆ ಹೋದೋರ ಪಟ್ಟಿ.”

ಡಾಕ್ಟರು ಕಾಫಿ ಲೋಟ ಕೆಳಗಿಟ್ಟರು. “ಅದು ನಮ್ಮ ಹತ್ರ ಇದೆಯಾ?”

“ಇದೆ. ಭಾಗ್ಯಕ್ಕನ ಹರಟೆಯಲ್ಲಿದೆ.”

ಭಾಗ್ಯ ಸೀತೂರಿನ ಆಶಾ ಕಾರ್ಯಕರ್ತೆ. ಮನೆಮನೆಗೆ ಹೋಗಿ ಮೊಬೈಲಿನಲ್ಲಿ ಅರ್ಜಿ ತುಂಬುವವಳು. ಅರ್ಜಿಯ ಕೊನೆಯಲ್ಲಿ ‘ಷರಾ’ ಎಂದು ಒಂದು ಖಾಲಿ ಜಾಗವಿತ್ತು. ಬೇರೆಯವರೆಲ್ಲ ಅಲ್ಲಿ ‘ಇಲ್ಲ’ ಎಂದು ಹಾಕಿ ಮುಂದಿನ ಮನೆಗೆ ಹೋದರೆ, ಭಾಗ್ಯ ಮಾತ್ರ ಪುರಾಣ ಬರೆಯುತ್ತಿದ್ದಳು. ‘ಇವರು ಮಧ್ಯಾಹ್ನ ಮನೆಯಲ್ಲಿ ಸಿಗುವುದಿಲ್ಲ, ಹರಿಹರಪುರದ ವೆಂಕಟಯ್ಯನವರ ಬೆಟ್ಟಕ್ಕೆ ದರಗಿಗೆ ಹೋಗುತ್ತಾರೆ, ಆದಿತ್ಯವಾರ ಬಂದರೆ ಸಿಗುತ್ತಾರೆ, ನಾಯಿ ಕಚ್ಚುತ್ತದೆ.’ ಇಂಥವು. ಇದನ್ನೆಲ್ಲ ಯಾಕೆ ಬರೆಯುತ್ತೀಯ ಭಾಗ್ಯಕ್ಕ ಎಂದು ಕುಸುಮಾ ಎಷ್ಟೋ ಸಲ ರೇಗಿದ್ದುಂಟು. ಭಾಗ್ಯಳನ್ನು ನೋಡಿ ಅಕ್ಕಪಕ್ಕದ ಊರುಗಳ ನಾಲ್ಕೈದು ಜನವೂ ಅದೇ ಚಾಳಿ ಹಿಡಿದಿದ್ದರು. ಈಗ ಆ ಹರಟೆಯೇ ದಾರಿ.

ಗಂಟೆ ಹನ್ನೆರಡೂವರೆ. ಕುಸುಮಾ ದುಪಟ್ಟಾ ಸೊಂಟಕ್ಕೆ ಬಿಗಿದು ಕೂತಳು. ಮೊದಲು ಬೆಟ್ಟಗಳಿಗೆಂದೇ ಒಂದು ಟೇಬಲ್. ಆಮೇಲೆ ಇನ್ನೊಂದು ಪ್ರಶ್ನೆ. ಒಬ್ಬ ಆಳು ಒಂದೇ ಬೆಟ್ಟಕ್ಕೆ ಹೋಗುವುದಿಲ್ಲ, ಈ ವಾರ ಜಯಪುರ, ಮುಂದಿನ ವಾರ ಶೃಂಗೇರಿ ಕಡೆ. ಒಂದು ಬೆಟ್ಟಕ್ಕೂ ಒಬ್ಬನೇ ಹೋಗುವುದಿಲ್ಲ. ಆಳಿಗೆ ಹಲವು ಬೆಟ್ಟ, ಬೆಟ್ಟಕ್ಕೆ ಹಲವು ಆಳು. ಇಂಥ ಸಂಬಂಧಕ್ಕೆ ಎರಡರ ನಡುವೆ ಮೂರನೆಯ ಟೇಬಲ್ ಒಂದು ಬೇಕು. ಅದರಲ್ಲಿ ಬೇರೇನೂ ಇರುವುದಿಲ್ಲ, ಯಾರು ಎಲ್ಲಿಗೆ ಹೋದರು ಎಂಬ ಜೋಡಿ ಮಾತ್ರ. ಅದನ್ನೂ ಮಾಡಿದಳು. ಷರಾದಲ್ಲಿ ‘ಬೆಟ್ಟ’ ಎಂದಿರುವ ಸಾಲುಗಳನ್ನೆಲ್ಲ ಎಳೆದು ಹಾಕಿದರೆ ನಾನೂರ ಹನ್ನೆರಡು. ಒಂದೊಂದನ್ನೂ ಓದಿ ಜೋಡಿ ಹಾಕುತ್ತ ಹೋದಳು. ಡಾಕ್ಟರು ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಸಾಲು ಓದಿ ಹೇಳತೊಡಗಿದರು. ಊಟದ ನೆನಪು ಇಬ್ಬರಿಗೂ ಆಗಲಿಲ್ಲ.

ಎರಡೂ ಇಪ್ಪತ್ತಕ್ಕೆ ಜೋಡಿ ಮುಗಿಯಿತು. ವೆಂಕಟಯ್ಯನವರ ಬೆಟ್ಟ, ಅದಕ್ಕೆ ಹೋದ ಜನರ ಸಮೇತ, ಆ ಜನರ ಮನೆಯ ಸಮೇತ ಎಂದು ಬರೆದು ಗುಂಡಿ ಒತ್ತಿದಳು.

ಸೊನ್ನೆ. ಒಂದು ಹೆಸರೂ ಇಲ್ಲ.

ಡಾಕ್ಟರು ಅವಳಿಗೆ ಕಾಣದ ಹಾಗೆ ಗಡಿಯಾರ ನೋಡಿದರು. ಅವರು ಒಳ್ಳೆಯವರು. ಕುಸುಮಾ ಕಣ್ಣು ಕಿರಿದು ಮಾಡಿ ತಾನು ಬರೆದದ್ದನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದಳು. ಮೂರನೆಯ ಸಲಕ್ಕೆ ಕಂಡಿತು. ಬೆಳಿಗ್ಗೆ ಡೇಟಾಬೇಸಿಗೆ ಬರೆದ ಪ್ರಶ್ನೆಯಿಂದ, ಅಂದರೆ ಕ್ವೆರಿಯಿಂದ, ಎತ್ತಿಕೊಂಡ ಒಂದು ಸಾಲು ಹಾಗೇ ಉಳಿದಿತ್ತು: ‘ಮನೆಯ ಊರು ಹರಿಹರಪುರವೇ ಆಗಿರಬೇಕು.’ ಎನ್.ಆರ್.ಪುರದವರನ್ನೆಲ್ಲ ಆ ಸಾಲು ಬಾಗಿಲಲ್ಲೇ ತಡೆದು ವಾಪಸು ಕಳಿಸುತ್ತಿತ್ತು. ಅದನ್ನು ಅಳಿಸಿ, ಮತ್ತೆ ಒತ್ತಿದಳು.

ಬಂದವು ನೋಡಿ ಹೆಸರುಗಳು! ಹನ್ನೊಂದು. ಅಷ್ಟೂ ಸೀತೂರು ಕಡೆಯವು. ಮೊದಲನೆಯದು ಜಟ್ಟಪ್ಪ, ಆಳುಗಳನ್ನು ಕಟ್ಟಿಕೊಂಡು ಹೋಗುವ ಮೇಸ್ತ್ರಿ. ಪ್ರತಿ ಹೆಸರಿನ ಮುಂದೆ ಮನೆ, ಫೋನು, ವಯಸ್ಸು. ಕುಸುಮಾ ಕುರ್ಚಿಯಿಂದ ಎದ್ದುಬಿಟ್ಟಳು. ಆ ಹನ್ನೊಂದು ಮಂದಿ ಎಲ್ಲಿದ್ದರು ಇಷ್ಟು ದಿನ? ಇಲ್ಲೇ, ಇದೇ ಪೆಟ್ಟಿಗೆಯೊಳಗೆ, ಕರೆಯುವವರಿಲ್ಲದೆ ಕೂತಿದ್ದರು. ಡಾಕ್ಟರು ಅವಳ ಬೆನ್ನು ತಟ್ಟಲು ಕೈ ಎತ್ತಿ, ಸಂಕೋಚವಾಗಿ ಮೇಜನ್ನು ತಟ್ಟಿದರು.

ಸೀತೂರಿನಲ್ಲಿದ್ದ ಭಾಗ್ಯಳಿಗೆ ಪಟ್ಟಿ ಹೋಯಿತು. ಅವಳು ಸ್ಕೂಟಿ ಹತ್ತಿ ಒಂದೊಂದೇ ಮನೆ ಮುಟ್ಟುತ್ತ ಫೋನು ಮಾಡಿದಳು. ಒಬ್ಬರಿಗೆ ನಿನ್ನೆಯಿಂದ ಜ್ವರ. ಇನ್ನೊಬ್ಬರಿಗೆ ಇವತ್ತು ಬೆಳಿಗ್ಗೆಯಿಂದ ತಲೆನೋವು, ಜ್ವರ. ಜಟ್ಟಪ್ಪನಿಗೇ ಎರಡು ದಿನದಿಂದ ಮೈ ಬೆಚ್ಚಗೆ. ಮೂವರೂ ಬಿಸಿಲಿಗೆ ಆಗಿದ್ದು ಎಂದುಕೊಂಡು ಮಾತ್ರೆ ನುಂಗಿ ಮಲಗಿದ್ದವರೇ. ಸರಿಯಾದ ಹೊತ್ತಿಗೆ ಸಿಕ್ಕಿದ್ದರು. ಕುಸುಮಾಳಿಗೆ ಕುಣಿಯುವುದೊಂದು ಬಾಕಿ.

ಅಷ್ಟರಲ್ಲಿ ಮತ್ತೆ ಭಾಗ್ಯಳ ಫೋನು.

“ಕುಸುಮಾ, ಪಿಕಪ್ಪಲ್ಲಿ ಹೋಗಿದ್ದು ಹನ್ನೆರಡು ಜನ ಅಂತಾರಲ್ಲೇ ಜಟ್ಟಪ್ಪಣ್ಣ.”

“ಹನ್ನೊಂದು ಭಾಗ್ಯಕ್ಕ. ನನ್ನ ಕ್ವೆರಿ ಯಾರನ್ನೂ ಬಿಟ್ಟಿಲ್ಲ. ಜಟ್ಟಪ್ಪಣ್ಣಂಗೆ ಜ್ವರದಲ್ಲಿ ಲೆಕ್ಕ ತಪ್ಪಿರ್ತದೆ.”

“ತಪ್ಪಿಲ್ಲ ಮಾರಾಯ್ತಿ.”

“ಹಾಗಾದ್ರೆ ಹೆಸರು ಹೇಳು. ಯಾರದು?”

ಆ ಕಡೆ ಭಾಗ್ಯ ದನಿ ತಗ್ಗಿಸಿದಳು. ಅವಳು ದನಿ ತಗ್ಗಿಸುವ ಹೆಂಗಸೇ ಅಲ್ಲ.

“ನಿನ್ನ ಅಮ್ಮ ಕಣೇ. ಕಮಲಕ್ಕ.”

“ಅಮ್ಮ ಎಲ್ಲೂ ಕೆಲಸಕ್ಕೆ ಹೋಗಲ್ಲ” ಅಂದಳು ಕುಸುಮಾ. ಬಾಯಿ ತಾನಾಗಿ ಹೇಳಿದ ಮಾತು ಅದು. ಹೇಳುತ್ತ ಹೇಳುತ್ತಲೇ ಅವಳ ಕೈ ಅಮ್ಮನ ದಾಖಲೆ ತೆರೆದಿತ್ತು. ಕಮಲಕ್ಕ, ಐವತ್ತೆರಡು, ಸೀತೂರು. ಉದ್ಯೋಗ: ಗೃಹಿಣಿ. ಷರಾ: ಇಲ್ಲ. ತುಂಬಿದವರು: ಕುಸುಮಾ.

ಭಾಗ್ಯಳಿಗೆ ಆ ಒಂದು ಮನೆಯ ಅರ್ಜಿ ತುಂಬಲು ಅವಳು ಬಿಟ್ಟಿರಲಿಲ್ಲ. ನಮ್ಮನೆಯದು ನಾನೇ ಹಾಕಿಕೊಳ್ಳುತ್ತೇನೆ ಎಂದು ಇದೇ ಕುರ್ಚಿಯಲ್ಲಿ ಕೂತು ತುಂಬಿದ್ದಳು. ಕೆಲಸ ಸಿಕ್ಕಿದ ಮೊದಲ ತಿಂಗಳೇ ಅಮ್ಮನಿಗೆ ಹೇಳಿದ್ದಳು, ಇನ್ನು ಮೇಲೆ ಕಂಡವರ ಬೆಟ್ಟಕ್ಕೆ ಹೋಗಬೇಡ, ನನಗೆ ನಾಚಿಕೆಯಾಗುತ್ತದೆ ಎಂದು. ಅಮ್ಮ ಹ್ಞೂಂ ಅಂದಿದ್ದಳು. ಕುಸುಮಾ ವಾರವಿಡೀ ಕೊಪ್ಪದ ಬಾಡಿಗೆ ಕೋಣೆಯಲ್ಲಿ, ಆದಿತ್ಯವಾರ ಮಾತ್ರ ಊರಿನಲ್ಲಿ. ಆದಿತ್ಯವಾರ ಅಮ್ಮ ಮನೆಯಲ್ಲೇ ಇರುತ್ತಿದ್ದಳು. ಅವಳ ಅಂಗೈ ಒರಟಾಗಿದ್ದನ್ನು, ಕಾಲಿನಲ್ಲಿ ಹೊಸ ಗೀರುಗಳಿದ್ದುದನ್ನು ಕುಸುಮಾ ನೋಡಿರಲಿಲ್ಲವೆ? ನೋಡಿದ್ದಳು. ಕೇಳಿರಲಿಲ್ಲ, ಅಷ್ಟೇ. ವೆಂಕಟಯ್ಯನವರು ಹೆಸರು ಕೇಳದೆ ಬಿಟ್ಟರು. ಇವಳು ಹೆಸರು ಗೊತ್ತಿದ್ದೂ ಮುಚ್ಚಿಟ್ಟಳು. ಯಾರ ತಪ್ಪು ಹೆಚ್ಚು?

ಮೂರು ಗಂಟೆಗೆ ಜೀಪು ಹೊರಟಾಗ ಅವಳೂ ಹತ್ತಿದಳು. ಡಾಕ್ಟರು ಯಾಕೆಂದು ಕೇಳಲಿಲ್ಲ. ಪಟ್ಟಿ ಸಿಕ್ಕಿದ ಹುರುಪಿಗೆ ಬರುತ್ತಿದ್ದಾಳೆ ಎಂದುಕೊಂಡರು. ಸೀತೂರು ಮುಟ್ಟುವ ತನಕ ಅವಳು ಅಮ್ಮನಿಗೆ ಹದಿನಾಲ್ಕು ಸಲ ಫೋನು ಮಾಡಿದಳು. ಎತ್ತುವವರಿಲ್ಲ.

ಹನ್ನೊಂದು ಜನರ ರಕ್ತ ತೆಗೆದು, ಜ್ವರವಿದ್ದ ಮೂವರನ್ನು ಜೀಪಿನ ಹತ್ತಿರ ಕೂರಿಸಿ, ಕುಸುಮಾಳ ಅಮ್ಮನಿಗೂ ಜ್ವರ ಎಂದಷ್ಟೇ ಕೇಳಿ, ಡಾಕ್ಟರು ಕೊನೆಯಲ್ಲಿ ಕಮಲಕ್ಕನ ಮನೆಗೆ ಬಂದರು. ಕುಸುಮಾ ಆಗಲೇ ಅಲ್ಲಿ ಅಮ್ಮನ ಚಾಪೆಯ ಪಕ್ಕ ಕೂತಿದ್ದಳು. ಕಮಲಕ್ಕ ಆ ಸೆಖೆಯಲ್ಲೂ ಕಂಬಳಿ ಹೊದ್ದು ಮುದುಡಿದ್ದಳು. ಕಣ್ಣು ಕೆಂಡದ ಹಾಗೆ ಕೆಂಪು. ಮಗಳು ಹಣೆಗೆ ಇಟ್ಟಿದ್ದ ಕೈಯನ್ನು ಸರಿಸಿ, ಡಾಕ್ಟರನ್ನು ಕಂಡು ಏಳಲು ನೋಡಿದಳು.

“ಎದ್ದೇಳಬೇಡಿ. ಎಷ್ಟು ದಿನದಿಂದ ಜ್ವರ?”

“ನಿನ್ನೆ ಸಂಜೆಯಿಂದ. ಎಂತದೂ ಇಲ್ಲ ಸಾರ್, ಸುಮ್ನೆ ಶೀತ.”

“ಕಾಡಿಗೆ, ದರಗಿಗೆ ಎಲ್ಲಾದ್ರೂ ಹೋಗಿದ್ರಾ?”

ಕಮಲಕ್ಕ ಮಗಳ ಮುಖ ನೋಡಿದಳು. ಆಮೇಲೆ ಡಾಕ್ಟರ ಕಡೆ ತಿರುಗಿ, ಶಾಲೆಯಲ್ಲಿ ಕಂಠಪಾಠ ಒಪ್ಪಿಸುವವರ ಹಾಗೆ ಹೇಳಿದಳು: “ನಾನು ಎಲ್ಲೂ ಹೋಗಲ್ಲ. ಮನೇಲೇ ಇರೋದು. ಮಗಳು ಆಫೀಸಲ್ಲಿದಾಳಲ್ಲ.”

ಜ್ವರ ನೂರಮೂರು ಇತ್ತು. ಅಷ್ಟು ಜ್ವರದಲ್ಲೂ ಆ ತಾಯಿಗೆ ಕಾಯಬೇಕೆನಿಸಿದ್ದು ಮಗಳ ಮರ್ಯಾದೆ. ಪಟ್ಟಿಯಲ್ಲೂ ಇಲ್ಲದ ಹೆಸರು; ಡಾಕ್ಟರು ತಲೆಯಾಡಿಸಿ, ಹಾಗಾದರೆ ಒಂದೆರಡು ದಿನ ನೋಡಿ ಎಂದು ಏಳುವುದರಲ್ಲಿದ್ದರು.

“ಸುಳ್ಳು ಸರ್” ಅಂದಳು ಕುಸುಮಾ. ಬಾಗಿಲಲ್ಲಿ ಭಾಗ್ಯ, ಅವಳ ಹಿಂದೆ ಜೀಪಿನವರು, ಅಂಗಳದಲ್ಲಿ ಅರ್ಧ ಕೇರಿ ನಿಂತಿತ್ತು. ಅವಳು ದನಿ ಎತ್ತಿಯೇ ಹೇಳಿದಳು. “ಅಮ್ಮ ಐದೂ ದಿನ ವೆಂಕಟಯ್ಯನೋರ ಬೆಟ್ಟದಲ್ಲಿ ದರಗು ಗುಡಿಸಿದಾಳೆ. ಮನೇಲಿರ್ತಾಳೆ ಅಂತ ಬರೆದಿದ್ದು ನಾನು. ನಂಗೆ ನಾಚಿಕೆ ಆಗಿ ಬರೆದಿದ್ದು. ರಕ್ತ ತೆಗೀರಿ.”

ಡಾಕ್ಟರು ಮತ್ತೆ ಕೂತು ಸಿರಿಂಜು ತೆಗೆದರು. ಕಮಲಕ್ಕ ಕಂಬಳಿಯಿಂದ ಕೈ ಹೊರಗೆ ಚಾಚಿದಳು.

ಹನ್ನೆರಡರಲ್ಲಿ ನಾಲ್ಕು ಪಾಸಿಟಿವ್ ಬಂತು. ಜ್ವರ ಶುರುವಾಗಿ ಮೂರು ದಿನ ದಾಟುವ ಮೊದಲೇ ನಾಲ್ವರೂ ಆಸ್ಪತ್ರೆಯಲ್ಲಿದ್ದರು. ಜಟ್ಟಪ್ಪನಿಗೆ ನಡುವೆ ಒಂದು ದಿನ ಜೋರಾಗಿ, ಎಲ್ಲರ ಜೀವ ಬಾಯಿಗೆ ಬಂದಿತ್ತು. ಮರುದಿನ ಅವನೇ ಎದ್ದು ಕೂತು ಮೀನುಸಾರು ಕೇಳಿದ. ಎಂಟನೆಯ ದಿನ ಕಮಲಕ್ಕನ ಜ್ವರ ಪೂರ್ತಿ ಬಿಟ್ಟಿತು. ‘ಮರಣ’ ಎಂಬ ಪದವನ್ನು ಈ ಸಲ ಯಾರ ಹೆಸರಿನ ಮುಂದೂ ಟೈಪು ಮಾಡಬೇಕಾಗಲಿಲ್ಲ. ಕುಸುಮಾಳಿಗೆ ಆ ಸಂತೋಷ ತಡೆಯಲಾಗದೆ, ಲ್ಯಾಪ್‌ಟಾಪನ್ನು ವಾರ್ಡಿಗೇ ಹೊತ್ತುಕೊಂಡು ಬಂದು ಅಮ್ಮನ ಮಂಚದ ಮೇಲೆ ಇಟ್ಟಳು.

“ಇಲ್ಲಿ ನೋಡು, ಇದು ನೀನು. ನಿನ್ನ ಮುಟ್ಟಿದ್ರೆ ನೀನು ಹೋದ ಬೆಟ್ಟ ಎಲ್ಲ ಬರ್ತದೆ ಈಗ. ಬೆಟ್ಟ ಮುಟ್ಟಿದ್ರೆ ನೀನು ಬರ್ತೀಯ.”

ಕಮಲಕ್ಕನಿಗೆ ಓದಲು ಬರುವುದಿಲ್ಲ. ಪರದೆಯನ್ನು ಹತ್ತಿರ ಎಳೆದುಕೊಂಡು ಬೆರಳಿಟ್ಟು ಕೇಳಿದಳು. “ಇದೆಂತ ಬರ್ದಿದೀಯ ಇಲ್ಲಿ?”

“ಉದ್ಯೋಗ, ದರಗು ಗುಡಿಸುವುದು ಅಂತ.”

“ಬರೀ ಅಷ್ಟೇನಾ?” ಅಂದಳು ಕಮಲಕ್ಕ. “ಬೆಟ್ಟ ಎಲ್ಲ ಬರ್ತದೆ ಅಂದ್ಯಲ್ಲ. ಬರ್ಕೋ ಹಂಗಾದ್ರೆ. ನಿನ್ನ ಹೊಟ್ಟೇಲಿ ಇಟ್ಕೊಂಡು ಹೋಗಿದ್ದು ಜಯಪುರದ ಬೆಟ್ಟ. ನಿನ್ನ ಶಾಲೆಗೆ ಸೇರಿಸಿದ ವರ್ಷ ಶೃಂಗೇರಿ ಕಡೇದು. ನಿನ್ನ ಕಾಲೇಜಿನ ಮೂರು ವರ್ಷಕ್ಕೆ ಮೂರು ಬೆಟ್ಟ, ಅದ್ರ ಯಜಮಾನರ ಹೆಸರೂ ನೆನಪಿದೆ ನಂಗೆ.”

ಕುಸುಮಾ ಕಣ್ಣೊರೆಸಿಕೊಂಡು ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಎಳೆದುಕೊಂಡಳು. “ನಿಧಾನ ಹೇಳು ಅಮ್ಮ” ಅಂದಳು. “ಒಂದೂ ಬಿಡಬೇಡ.”